ಗಣಿತಜ್ಞ ಭಾಸ್ಕರಾಚಾರ್ಯರು: ಮನೆಯೇ ಪಾಠಶಾಲೆಯಾದ ಬಾಳು

ಗಣಿತದಲ್ಲಿ ವಿಶೇಷ ಪ್ರತಿಭೆಯುಳ್ಳ ಮಗುವಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಯಾವ ಬಗೆಯ ಆಸರೆ ಬೇಕೆಂಬುದನ್ನು ತಿಳಿಯಲು ಭಾಸ್ಕರಾಚಾರ್ಯರ ಜೀವನವು ಉತ್ತಮ ನಿದರ್ಶನವಾಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಪಾಲಕರ ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಮನೆತನ

ಭಾಸ್ಕರಾಚಾರ್ಯರು ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ ಜನಿಸಿದರು. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ತಮ್ಮ ಊರೆಂದು ಅವರೇ ತಿಳಿಸಿದ್ದಾರೆ. ಇದನ್ನು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ, ಮಹಾರಾಷ್ಟ್ರದ ಖಾನದೇಶ ಭಾಗದ ಊರೆಂದು ಇನ್ನು ಕೆಲವರೂ ಗುರುತಿಸಿದ್ದಾರೆ. ಅವರದು ತಲೆಮಾರುಗಳಿಂದ ವಿದ್ಯೆಯನ್ನೇ ಆಸ್ತಿಯಾಗಿ ಪಡೆದಿದ್ದ ಮನೆತನ. ಪೂರ್ವಜರಲ್ಲೊಬ್ಬರು ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದನ್ನು ಪಡೆದಿದ್ದರು.

ತಂದೆಯೇ ಗುರು

ತಂದೆ ಮಹೇಶ್ವರರು ಜ್ಯೋತಿಷ ಮತ್ತು ಗಣಿತಗಳಲ್ಲಿ ಪಂಡಿತರಾಗಿದ್ದರು. ಭಾಸ್ಕರರು ಈ ಶಾಸ್ತ್ರಗಳನ್ನು ಕಲಿತದ್ದು ತಂದೆಯವರಿಂದಲೇ. ಈ ಋಣವನ್ನು ಅವರು ತಮ್ಮ ಗ್ರಂಥದಲ್ಲಿಯೇ ಸ್ಮರಿಸಿದ್ದಾರೆ. ಮಗುವಿನ ಬುದ್ಧಿಯನ್ನು ಗುರುತಿಸಬಲ್ಲವರು, ಅದರ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಮನೆಯಲ್ಲಿಯೇ ಇದ್ದುದು ಅವರ ಭಾಗ್ಯವಾಗಿತ್ತು.

ಕೃತಿಗಳು

ಭಾಸ್ಕರಾಚಾರ್ಯರು ತಮ್ಮ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಸಿದ್ಧಾಂತ ಶಿರೋಮಣಿ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ ಮತ್ತು ಗೋಲಾಧ್ಯಾಯ ಇದರ ನಾಲ್ಕು ಭಾಗಗಳು. 1183ರಲ್ಲಿ, 69ನೆಯ ವಯಸ್ಸಿನಲ್ಲಿ, ಕರಣಕುತೂಹಲವನ್ನು ಬರೆದರು. ಸೂತ್ರಗಳನ್ನು ಹೇಳಿದರೆ ಸಾಲದು, ಕಾರಣವನ್ನೂ ತಿಳಿಸಬೇಕೆಂದು ಸಿದ್ಧಾಂತ ಶಿರೋಮಣಿಗೆ ತಾವೇ ವ್ಯಾಖ್ಯಾನವನ್ನೂ ರಚಿಸಿದರು.

ಲೀಲಾವತಿಯು ಕಲಿಯುವವರನ್ನು ಮುಂದಿಟ್ಟುಕೊಂಡು ಬರೆದ ಕೃತಿ. ದುಂಬಿಗಳ ಹಿಂಡು, ಹಾವಿನ ಮೇಲೆರಗುವ ನವಿಲು, ವರ್ತಕರ ಲಾಭ, ಬಡ್ಡಿಯ ಲೆಕ್ಕ ಇವೆಲ್ಲ ಅದರಲ್ಲಿ ಸಮಸ್ಯೆಗಳಾಗಿ ಬರುತ್ತವೆ. ಒಂದು ಉದಾಹರಣೆ: 32 ಮೊಳ ಉದ್ದದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿದರೆ, ಬಿದಿರು ಮುರಿದದ್ದು ಎಷ್ಟು ಎತ್ತರದಲ್ಲಿ? 16ರ ವರ್ಗವಾದ 256ನ್ನು 32ರಿಂದ ಭಾಗಿಸಿದರೆ 8. 32ರಲ್ಲಿ 8 ಕಳೆದರೆ 24. ಅದರ ಅರ್ಧ 12 ಮೊಳ. ನೆಲದ ಮೇಲೆ ಕೋಲಿನಿಂದ ಚಿತ್ರ ಬರೆದು ಮಗುವಿಗೆ ಇದನ್ನು ತೋರಿಸಬಹುದು.

ಲೀಲಾವತಿಯು ಅವರ ಮಗಳೆಂದೂ, ಮುಹೂರ್ತ ತಪ್ಪಿ ಮದುವೆ ನಿಂತ ಆಕೆಯ ಸಮಾಧಾನಕ್ಕಾಗಿ ಗ್ರಂಥ ಬರೆದರೆಂದೂ ಒಂದು ಕಥೆಯಿದೆ. ಇದು 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ ಕಂಡುಬರುವ ಕಥೆ. ಭಾಸ್ಕರಾಚಾರ್ಯರ ಬರಹದಲ್ಲಿ ಇದಕ್ಕೆ ಆಧಾರವಿಲ್ಲ.

ಮನೆಯಿಂದ ಮಠಕ್ಕೆ

ಭಾಸ್ಕರಾಚಾರ್ಯರ ಮಗ ಲಕ್ಷ್ಮೀಧರರನ್ನು ಸೇವುಣ ದೊರೆ ಜೈತ್ರಪಾಲನು ತನ್ನ ಆಸ್ಥಾನಕ್ಕೆ ಕರೆಸಿಕೊಂಡನು. ಮೊಮ್ಮಗ ಚಂಗದೇವರು ಸಿಂಘಣನ ಆಸ್ಥಾನ ಜ್ಯೋತಿಷಿಯಾದರು. ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಚಂಗದೇವರು ಖಾನದೇಶದ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದರು. ಸ್ಥಳೀಯ ಅರಸ ಸೋಯಿದೇವನು 1207ರಲ್ಲಿ ಅದಕ್ಕೆ ದತ್ತಿ ನೀಡಿದನು. ಈ ವಂಶದ ವಿವರಗಳು ದೊರೆಯುವುದು ಪಾಟಣದ ಶಾಸನದಿಂದಲೇ. ಜೈತ್ರಪಾಲನ ತಂದೆ ಭಿಲ್ಲಮನ 1191ರ ಶಾಸನವು ಗದಗದ ತ್ರಿಕೂಟೇಶ್ವರ ದೇವಾಲಯದಲ್ಲಿದ್ದು, ಈ ಮನೆತನಕ್ಕೆ ಆಶ್ರಯವಿತ್ತ ಅರಸುವಂಶದ ಆಳ್ವಿಕೆ ನಮ್ಮ ನಾಡಿಗೂ ಹಬ್ಬಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಪಾಲಕರು ಮತ್ತು ಶಿಕ್ಷಕರು ಗಮನಿಸಬೇಕಾದ ಅಂಶಗಳು

ತಂದೆ ಕಲಿಸಿದರು, ಮಗ ಬರೆದರು, ಮೊಮ್ಮಗ ಶಾಲೆ ಕಟ್ಟಿದರು, ಅರಸು ಅದಕ್ಕೆ ವೆಚ್ಚ ಒದಗಿಸಿದನು. ಇಷ್ಟೆಲ್ಲ ಕೂಡಿದಾಗ ಒಂದು ಪ್ರತಿಭೆ ಬೆಳೆದು ಉಳಿಯಿತು. ಆದರೆ ಆ ಕಾಲದಲ್ಲಿ ಪಂಡಿತರ ಮನೆಯಲ್ಲಿ ಹುಟ್ಟದ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಈ ದಾರಿ ಬಹುಮಟ್ಟಿಗೆ ಮುಚ್ಚಿತ್ತು. ಅಂಥ ಎಷ್ಟು ಮಕ್ಕಳ ಬುದ್ಧಿ ಯಾರ ಕಣ್ಣಿಗೂ ಬೀಳದೆ ಹೋಯಿತೋ ಯಾವ ಶಾಸನವೂ ಹೇಳುವುದಿಲ್ಲ. ಹೊಲಕ್ಕೋ ಮಗ್ಗಕ್ಕೋ ದುಡಿಯಲು ಹೋಗುವ ತಂದೆತಾಯಿಯರ ಮಗುವಿಗೆ ಇಂದು ಮಹೇಶ್ವರರ ಸ್ಥಾನದಲ್ಲಿ ನಿಲ್ಲಬೇಕಾದದ್ದು ಶಾಲೆ.

1. ಪಾಲಕರು ಸ್ವತಃ ಓದಿರಬೇಕೆಂದಿಲ್ಲ. ಸಂತೆಯ ಲೆಕ್ಕ, ಹೊಲದ ಅಳತೆ, ಹಾಲಿನ ಲೆಕ್ಕಗಳನ್ನು ಮಗುವಿನಿಂದ ಮಾಡಿಸಿ, ಉತ್ತರ ಹೇಗೆ ಬಂದಿತೆಂದು ಕೇಳಬೇಕು.

2. ತರಗತಿಯ ಪಾಠವನ್ನು ಬೇಗ ಮುಗಿಸುವ ಮಗುವಿಗೆ ಅದೇ ಲೆಕ್ಕಗಳನ್ನು ಮತ್ತೆ ಮತ್ತೆ ಕೊಡದೆ, ಹೊಸ ಬಗೆಯ ಸಮಸ್ಯೆಗಳನ್ನು ಕೊಡುವಂತೆ ಶಿಕ್ಷಕರನ್ನು ಕೋರಬೇಕು.

3. ಪ್ರತಿಭೆಯನ್ನು ಪ್ರದರ್ಶನದ ವಸ್ತುವಾಗಿಸಬಾರದು. ಭಾಷೆ, ಆಟ ಮತ್ತು ಗೆಳೆತನಗಳಿಗೂ ಅವಕಾಶವಿರಬೇಕು.

ಲಭ್ಯವಿರುವ ಸೌಲಭ್ಯಗಳು

ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯವು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿದೆ. ಇದರ 6ನೇ ತರಗತಿಯ ಪ್ರವೇಶ ಪರೀಕ್ಷೆಗೆ 5ನೇ ತರಗತಿಯ ಮಕ್ಕಳು ಅರ್ಜಿ ಸಲ್ಲಿಸಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಮಕ್ಕಳಿಗಾಗಿ ರಾಷ್ಟ್ರೀಯ ಆದಾಯ ಮತ್ತು ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ ಪರೀಕ್ಷೆಯಿದೆ. ಕುಟುಂಬದ ವಾರ್ಷಿಕ ಆದಾಯವು 3.5 ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಅರ್ಜಿಯ ದಿನಾಂಕ ಮತ್ತು ದಾಖಲೆಗಳ ವಿವರಗಳಿಗಾಗಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.