ಕೋಡಿಗೆ ಬಾಗಿಲಿಟ್ಟ ಇಂಜಿನಿಯರು

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ ಹೊರಡುವ ಬಲದಂಡೆಯ ಕಾಲುವೆ ನರಗುಂದ, ರೋಣ ತಾಲ್ಲೂಕುಗಳ ಎರೆಭೂಮಿಗೆ ನೀರನ್ನು ತರುತ್ತದೆ. ತಲೆಮಾರುಗಳ ಕಾಲ ಮುಗಿಲನ್ನೇ ನಂಬಿ ಬಾಳಿದ ಈ ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆರೆ ಕೋಡಿ ಬಿದ್ದ ದಿನ ಊರಿಗೆಲ್ಲ ಸಂಭ್ರಮ. ಆದರೆ ಕೋಡಿಯ ಮೇಲೆ ಹರಿದುಹೋದ ನೀರು ಬೇಸಗೆಯಲ್ಲಿ ಹಿಂತಿರುಗಿ ಬರುವುದಿಲ್ಲ. ಹಾಗೆ ಹರಿದುಹೋಗುವ ನೀರನ್ನು ತಡೆದು ನಿಲ್ಲಿಸುವ ಉಪಾಯವೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಂಡುಹಿಡಿದು, ಅದರ ಪೇಟೆಂಟನ್ನು ತಮ್ಮ ಹೆಸರಿನಲ್ಲಿ ಪಡೆದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ವಿದ್ಯಾರ್ಥಿ ದೆಸೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕರೆದೊಯ್ದಿತು. 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ರೋಣ, ನರಗುಂದಗಳಿದ್ದ ಅಂದಿನ ಧಾರವಾಡ ಜಿಲ್ಲೆಯೂ ಅದೇ ಮುಂಬಯಿ ಸರ್ಕಾರದ ಆಡಳಿತಕ್ಕೆ ಒಳಪಟ್ಟಿತ್ತು. ನಾಸಿಕ, ಖಾನದೇಶ, ಸಿಂಧ್ ಪ್ರಾಂತದ ಸಕ್ಕರ್ ಮುಂತಾದ ಕಡೆಗಳಲ್ಲಿ ದುಡಿದು ಅನುಭವ ಪಡೆದ ಮೇಲೆ ಅವರು ಪುಣೆಗೆ ಬಂದರು.

ಪುಣೆಯ ಸಮೀಪ ಖಡಕವಾಸ್ಲಾ ಎಂಬಲ್ಲಿ ಮುಠಾ ನದಿಗೆ ಕಟ್ಟಿದ ಜಲಾಶಯವಿತ್ತು. ಫೈಫ್ ಸರೋವರವೆಂದು ಆಗ ಅದಕ್ಕೆ ಹೆಸರು. ನಗರಕ್ಕೆ ಕುಡಿಯುವ ನೀರು, ಹೊಲಗಳಿಗೆ ಕಾಲುವೆಯ ನೀರು ಎಲ್ಲವೂ ಅಲ್ಲಿಂದಲೇ ಬರಬೇಕು. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ನೀರು ಧುಮುಕಿ ನದಿಯ ಪಾಲಾಗುತ್ತಿತ್ತು. ಬೇಸಗೆ ಬಂದೊಡನೆ ನೀರಿಗೆ ಹಾಹಾಕಾರ. ಕೋಡಿಯನ್ನೇ ಎತ್ತರಿಸಿದರಾಯಿತಲ್ಲ ಎಂದು ನಿಮಗೆ ತೋರಬಹುದು. ಹಾಗೆ ಮಾಡಿದರೆ ಮಹಾಪೂರದ ಮಟ್ಟವೂ ಅಷ್ಟೇ ಮೇಲೇರಿ, ಕಟ್ಟೆ ತಾಳಲಾರದ ಭಾರ ಅದರ ಮೇಲೆ ಬೀಳುತ್ತದೆ. ಪೂರವಿಲ್ಲದಾಗ ಕೋಡಿ ಎತ್ತರವಾಗಿರಬೇಕು. ಪೂರ ಬಂದಾಗ ತಗ್ಗಾಗಿರಬೇಕು. ಇದು ಸಮಸ್ಯೆ.

ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಕಬ್ಬಿಣದ ಬಾಗಿಲುಗಳ ಸಾಲನ್ನು ನಿಲ್ಲಿಸಿದರು. ಬಾಗಿಲುಗಳ ಭಾರಕ್ಕೆ ಸರಿತೂಗುವ ತೂಕವನ್ನು ಇನ್ನೊಂದು ಕಡೆ ಜೋಡಿಸಿ, ಇಡೀ ವ್ಯವಸ್ಥೆಯನ್ನು ತಕ್ಕಡಿಯಂತೆ ಸಮತೋಲದಲ್ಲಿಟ್ಟರು. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದೊಡನೆ ಆ ನೀರಿನಿಂದಲೇ ಸಮತೋಲ ತಪ್ಪಿ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಪೂರ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಎದ್ದು ಬರಬೇಕಾಗಿರಲಿಲ್ಲ. 1903ರ ಹೊತ್ತಿಗೆ ಈ ಬಾಗಿಲುಗಳು ಖಡಕವಾಸ್ಲಾದಲ್ಲಿ ಕೆಲಸ ಮಾಡತೊಡಗಿದವು. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟ ಹಳೆಯ ಕೋಡಿಗಿಂತ ಸುಮಾರು 8 ಅಡಿ ಮೇಲೇರಿ, ಸಂಗ್ರಹ ಕಾಲು ಪಾಲಿನಷ್ಟು ಹೆಚ್ಚಿತು.

ಈ ರಚನೆಗೆ ಅವರು ಪೇಟೆಂಟು ಪಡೆದರು. ಪೇಟೆಂಟು ಎಂದರೆ ಸರ್ಕಾರ ಮತ್ತು ಸಂಶೋಧಕನ ನಡುವಣ ಒಂದು ಕರಾರು ಎನ್ನಬಹುದು. ಸಂಶೋಧಕನು ತನ್ನ ರಚನೆಯ ಗುಟ್ಟನ್ನು, ಆ ವಿದ್ಯೆ ಬಲ್ಲ ಇನ್ನೊಬ್ಬನು ಓದಿ ಅದರಂತೆ ನಿರ್ಮಿಸಬಹುದಾದಷ್ಟು ವಿವರವಾಗಿ, ಬರೆದು ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ, ಅವನ ಅನುಮತಿಯಿಲ್ಲದೆ ಯಾರೂ ಅದನ್ನು ತಯಾರಿಸದಂತೆ, ಮಾರದಂತೆ ಕಾನೂನು ಕೆಲವು ವರ್ಷ ಕಾಯುತ್ತದೆ. ನಮ್ಮ ದೇಶದಲ್ಲಿ ಇಂಥ ಮೊದಲ ಕಾನೂನು ಬಂದದ್ದು 1856ರಲ್ಲಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಜಾರಿಯಲ್ಲಿದ್ದುದು 1888ರ ಕಾಯಿದೆ; ಅದರ ರಕ್ಷಣೆಯ ಅವಧಿ 14 ವರ್ಷ. ಈಗ ನಡೆಯುತ್ತಿರುವುದು 1970ರ ಪೇಟೆಂಟು ಕಾಯಿದೆ. ಅವಧಿ 20 ವರ್ಷ. ಅವಧಿ ತೀರಿದ ಮೇಲೆ ಆ ವಿದ್ಯೆ ಎಲ್ಲರ ಸೊತ್ತು.

ಪೇಟೆಂಟು ಪಡೆದವರಿಗೆ, ಅವರ ರಚನೆಯನ್ನು ಬಳಸುವವರು ರಾಯಧನವನ್ನು ಕೊಡುವುದು ರೂಢಿ. ಬಾಗಿಲುಗಳ ಉಪಯೋಗಕ್ಕಾಗಿ ಮುಂಬಯಿ ಸರ್ಕಾರದಿಂದ ತಮಗೆ ಸಲ್ಲಬಹುದಾಗಿದ್ದ ರಾಯಧನವನ್ನು ವಿಶ್ವೇಶ್ವರಯ್ಯನವರು ಬೇಡವೆಂದರು. ತಾವು ಸಂಬಳ ಪಡೆದು ದುಡಿಯುತ್ತಿರುವ ಸರ್ಕಾರದ ಕೆಲಸಕ್ಕೆ ಮತ್ತೆ ಹಣ ತೆಗೆದುಕೊಳ್ಳುವುದು ಅವರಿಗೆ ಸರಿಬರಲಿಲ್ಲ. ಅವರ ಪ್ರಾಮಾಣಿಕತೆಯನ್ನು ಹೇಳಲು ಸ್ವಂತದ ದೀಪ, ಸರ್ಕಾರದ ದೀಪ ಎಂಬ ಕತೆಯನ್ನು ಜನ ಹೇಳುತ್ತಾರೆ. ನನಗೆ ಆ ಕತೆಗಿಂತ ಈ ರಾಯಧನದ ಸಂಗತಿ ದೊಡ್ಡದಾಗಿ ಕಾಣುತ್ತದೆ. ಹಣ ಬೇಡವಾದವರು ಪೇಟೆಂಟನ್ನಾದರೂ ಏಕೆ ಪಡೆಯಬೇಕಿತ್ತು ಎಂದು ಕೇಳುವವರುಂಟು. ತನ್ನದೆಂದು ಸ್ಥಾಪಿತವಾದುದನ್ನು ಮಾತ್ರ ಮನುಷ್ಯ ಬಿಟ್ಟುಕೊಡಬಲ್ಲ. ಪೇಟೆಂಟು ಇಲ್ಲದಿದ್ದಲ್ಲಿ ಬೇಡವೆನ್ನುವ ಅಧಿಕಾರವೂ ಅವರಿಗೆ ಇರುತ್ತಿರಲಿಲ್ಲ. ಬೇರೊಬ್ಬರು ಅದೇ ರಚನೆಯನ್ನು ತಮ್ಮದೆಂದು ಹೇಳಿ, ಅದೇ ಸರ್ಕಾರಕ್ಕೆ ಬೆಲೆ ಕಟ್ಟಿ ಮಾರಬಹುದಿತ್ತು.

ಅದೇ ಕಾಲದ ಇನ್ನೊಬ್ಬ ಭಾರತೀಯರು ಬೇರೆ ಹಾದಿ ಹಿಡಿದರು. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ವಿದ್ಯುತ್ಕಾಂತ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ ಜನರಿಗೆ ತೋರಿಸಿದರು. ಜ್ಞಾನವನ್ನು ವ್ಯಾಪಾರಕ್ಕಿಡಬಾರದೆಂಬುದು ಅವರ ನಿಲುವು. ಆದ್ದರಿಂದ ಪೇಟೆಂಟಿನ ಗೋಜಿಗೆ ಹೋಗಲಿಲ್ಲ. 1896ರಲ್ಲಿ ಇಟಲಿಯ ಮಾರ್ಕೋನಿ ಇಂಗ್ಲೆಂಡಿನಲ್ಲಿ ನಿಸ್ತಂತು ತಂತಿಗೆ ಪೇಟೆಂಟಿನ ಅರ್ಜಿ ಸಲ್ಲಿಸಿದನು. ಸ್ನೇಹಿತರ ಒತ್ತಾಯದಿಂದ ಬೋಸರಿಗೆ ಅಮೆರಿಕದಲ್ಲಿ ಒಂದು ಪೇಟೆಂಟು ದೊರೆತದ್ದು 1904ರಲ್ಲಿ. ಮಾರ್ಕೋನಿಯ ಸಾಧನೆ ಕಡಿಮೆಯದೆಂದಲ್ಲ. ಆದರೆ ಬೋಸರ ಹೆಸರನ್ನು ಆ ಚರಿತ್ರೆಯೊಳಗೆ ಮರಳಿ ತರಲು ವಿದ್ವಾಂಸರು ಬಹುಕಾಲ ವಾದಿಸಬೇಕಾಯಿತು.

ದೂರದ ಕಲ್ಕತ್ತೆಯೇಕೆ? ಗಜೇಂದ್ರಗಡ, ರೋಣ, ನರಗುಂದಗಳ ಹೊಲಗಳಿಗೆ ಹೋಗಿ ನೋಡಿ. ಕೂರಿಗೆಯ ತಾಳಿನ ಅಂತರವನ್ನು ಬೆಳೆಗೆ ತಕ್ಕಂತೆ ಹೊಂದಿಸಿದ ಬಡಿಗನಾರು? ಕುಂಟೆಯ ಕುಡಕ್ಕೆ ಎರೆಮಣ್ಣಿಗೆ ಒಪ್ಪುವ ಬಾಗು ಕೊಟ್ಟ ಕಮ್ಮಾರನಾರು? ಉಪಕರಣ ಉಳಿದಿದೆ, ಹೆಸರು ಅಳಿದಿದೆ. ಇಂದು ಅಂಥ ಕುಶಲಿಯೊಬ್ಬನು ಹೊಸ ಯಂತ್ರವನ್ನು ಮಾಡಿದರೆ, ಅದನ್ನು ಜಾತ್ರೆಯಲ್ಲಿಯೋ ಕೃಷಿಮೇಳದಲ್ಲಿಯೋ ಎಲ್ಲರಿಗೂ ತೋರಿಸುವ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮ. ಒಮ್ಮೆ ಬಹಿರಂಗವಾದ ರಚನೆ ಕಾನೂನಿನ ಕಣ್ಣಿಗೆ ಹೊಸದಲ್ಲ. ಕರ್ನಾಟಕದವರ ಅರ್ಜಿಗಳನ್ನು ನೋಡಿಕೊಳ್ಳುವ ಪೇಟೆಂಟು ಕಚೇರಿ ಚೆನ್ನೈಯಲ್ಲಿದೆ.

ಎಲ್ಲಕ್ಕೂ ಪೇಟೆಂಟು ದೊರೆಯುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾಲುವೆಯ ನೀರನ್ನು ಹೊಲಗಳಿಗೆ ವಿಭಾಗ ಮಾಡಿ, ಬೆಳೆಗಳನ್ನು ಸರದಿಯಂತೆ ಬೆಳೆಯುವ ಬ್ಲಾಕ್ ಪದ್ಧತಿಯನ್ನು ರೂಪಿಸಿದವರೂ ವಿಶ್ವೇಶ್ವರಯ್ಯನವರೇ. ಅದು ಬಾಗಿಲಿಗಿಂತ ಕಡಿಮೆ ಬುದ್ಧಿಯ ಕೆಲಸವಲ್ಲ. ಆದರೆ ಬೇಸಾಯದ ವಿಧಾನಕ್ಕೆ ಈಗಿನ ಕಾಯಿದೆಯಲ್ಲಿ ಪೇಟೆಂಟು ಇಲ್ಲ. ರೈತನು ಉಳುವ, ಬಿತ್ತುವ ರೀತಿ ಒಬ್ಬರ ಸ್ವಾಮ್ಯವಾಗಕೂಡದು. ಇದು ನ್ಯಾಯವೆಂದೇ ನನ್ನ ಭಾವನೆ.

ಮುಂದಿನ ಕತೆ ನೀವು ಬಲ್ಲದ್ದೇ. 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾದರು, 1912ರಿಂದ 1918ರವರೆಗೆ ದಿವಾನರಾಗಿದ್ದರು, 1955ರಲ್ಲಿ ಭಾರತರತ್ನರಾದರು. ಖಡಕವಾಸ್ಲಾದ ಬಾಗಿಲಿನ ತತ್ತ್ವ ಗ್ವಾಲಿಯರಿನ ತಿಗ್ರಾ ಕಟ್ಟೆಗೂ ಕನ್ನಂಬಾಡಿಯ ಕೃಷ್ಣರಾಜಸಾಗರಕ್ಕೂ ಹೋಯಿತು.

1961ರ ಜುಲೈ 12ರಂದು ಪುಣೆಯ ಮೇಲ್ಭಾಗದ ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿನ ರಭಸಕ್ಕೆ ಖಡಕವಾಸ್ಲಾದ ಕಟ್ಟೆಯೂ ಬಿರಿಯಿತು. ಬಾಗಿಲುಗಳನ್ನು ರಚಿಸಿದ ವೃದ್ಧರು ಆಗ ಇನ್ನೂ ಬದುಕಿದ್ದರು. ತೀರಿಕೊಂಡದ್ದು ಮರುವರ್ಷದ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಅದೇ ತತ್ತ್ವದ ಬಾಗಿಲುಗಳು ಕಾವೇರಿಯ ಮೇಲೆ, ಕೃಷ್ಣರಾಜಸಾಗರದ ಕಟ್ಟೆಯಲ್ಲಿದ್ದವು.