ಕೊಡೈಕೆನಾಲ್ ಬೆಟ್ಟದಲ್ಲಿ ದುಡಿದ ಖಗೋಳ ವಿಜ್ಞಾನಿ ವೈನು ಬಪ್ಪು



ಡಿಗ್ರಿ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಕಂಬಂ, ತೇನಿ, ದಿಂಡಿಗಲ್ ಕಡೆಯ ನಮ್ಮ ಮನೆಗಳಲ್ಲಿ ಈಗ ಸಾಮಾನ್ಯವಾಗಿದೆ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ತಮಿಳು ಓದಿ, ಕಾಲೇಜಿನಲ್ಲಿ ಇಂಗ್ಲಿಷಿನೊಡನೆ ಸೆಣಸುವ ನಮ್ಮ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ಏತಕ್ಕಾಗಿ ಓದುತ್ತಿದ್ದೇವೆ ಎಂಬುದೇ ಅವರಲ್ಲಿ ಹಲವರಿಗೆ ತೋಚುವುದಿಲ್ಲ. ಅಂಥವರಿಗೆ ಹೇಳಬೇಕಾದ ಒಂದು ಜೀವನಚರಿತ್ರೆ ನಮ್ಮ ಪಕ್ಕದ ಬೆಟ್ಟದಲ್ಲೇ ಇದೆ. ಕೊಡೈಕೆನಾಲಿಗೆ ನಾವು ಹೋಗುವುದು ಕೆರೆ ನೋಡಲು, ತಂಪಿಗೆ. ಅಲ್ಲಿ 1899ರಲ್ಲಿ ಸ್ಥಾಪನೆಯಾದ ಸೂರ್ಯ ವೀಕ್ಷಣಾಲಯವಿದೆ. ಅದನ್ನು 1960ರಿಂದ ಮುನ್ನಡೆಸಿದವರು ಡಾ. ವೈನು ಬಪ್ಪು.

ಬಪ್ಪು ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಅವರ ಮನೆತನ ಕೇರಳದ ತಲಶ್ಶೇರಿ ಕಡೆಯದು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗಿಯಾಗಿದ್ದರು. ಹೀಗೆ ಮನೆಮಾತು ಒಂದು, ಊರಿನ ಮಾತು ಇನ್ನೊಂದು ಎಂಬ ಸ್ಥಿತಿಯಲ್ಲೇ ಅವರೂ ಬೆಳೆದರು. ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಹೊಸದಲ್ಲ.

ನಿಜಾಂ ಕಾಲೇಜಿನಲ್ಲಿ ಓದುವಾಗ ಅವರು ಚರ್ಚಾಕೂಟ, ಆಟೋಟ ಎಲ್ಲದರಲ್ಲೂ ಇದ್ದರು. ಆದರೆ ಮನಸ್ಸು ನೆಟ್ಟಿದ್ದು ನಕ್ಷತ್ರಗಳಲ್ಲಿ. ಕೆಲವು ನಕ್ಷತ್ರಗಳ ಬೆಳಕು ದಿನದಿಂದ ದಿನಕ್ಕೆ ಹೆಚ್ಚು ಕಡಿಮೆಯಾಗುತ್ತದೆ. ಅಂಥವನ್ನು ಅಕ್ಕಪಕ್ಕದ ನಕ್ಷತ್ರಗಳೊಡನೆ ಹೋಲಿಸಿ ನೋಡಿ, ಹೊತ್ತು ಮತ್ತು ಬೆಳಕಿನ ಪ್ರಮಾಣವನ್ನು ಬರೆದಿಡುವುದು ಒಂದು ಅಭ್ಯಾಸ. ಅದಕ್ಕೆ ಬೇಕಾಗಿರುವುದು ತಾಳ್ಮೆ ಮತ್ತು ತಪ್ಪದೆ ಬರೆಯುವ ಶಿಸ್ತು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಇಂಥ ವೀಕ್ಷಣೆಗಳ ಮೇಲೆ ಲೇಖನಗಳನ್ನು ಪ್ರಕಟಿಸಿದರು.

ಹಾರ್ವರ್ಡ್ ವೀಕ್ಷಣಾಲಯದ ಹಾರ್ಲೋ ಶಾಪ್ಲಿ ಎಂಬ ಹೆಸರಾಂತ ವಿಜ್ಞಾನಿ ಹೈದರಾಬಾದಿಗೆ ಬಂದಾಗ ಬಪ್ಪು ಅವರನ್ನು ಹೋಗಿ ಕಂಡರು. ತೋರಿಸಲು ಕೈಯಲ್ಲಿ ಕೆಲಸವಿತ್ತು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ದೊರೆತು 1949ರಲ್ಲಿ ಅಮೆರಿಕದ ಹಾರ್ವರ್ಡಿಗೆ ಸೇರಿದರು. ಅದೇ ವರ್ಷ ಜುಲೈ 2ರಂದು, ತಾವು ತೆಗೆದ ಫೋಟೋ ಫಲಕದಲ್ಲಿ ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಪ್ರಾಧ್ಯಾಪಕ ಬಾರ್ಟ್ ಬೋಕ್, ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆಗಿದ್ದುದರಿಂದ ಅದಕ್ಕೆ ಬಪ್ಪು-ಬೋಕ್-ನ್ಯೂಕರ್ಕ್ ಎಂಬ ಹೆಸರಾಯಿತು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ.

1952ರಲ್ಲಿ ಡಾಕ್ಟರೇಟ್ ಪಡೆದು ಪಾಲೋಮಾರ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದರು. ಅಲ್ಲಿ ಆಲಿನ್ ವಿಲ್ಸನ್ ಅವರೊಡನೆ ಕೂಡಿ ಕಂಡುಕೊಂಡದ್ದು 1957ರಲ್ಲಿ ಪ್ರಕಟವಾಯಿತು. ಸರಳವಾಗಿ ಹೇಳುವುದಾದರೆ ಹೀಗೆ: ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದಾಗ ಅದರಲ್ಲಿ ಕ್ಯಾಲ್ಸಿಯಂನ ಒಂದು ರೇಖೆ ಕಾಣುತ್ತದೆ. ಸೂರ್ಯನಂಥ ಮತ್ತು ಅದಕ್ಕಿಂತ ತಣ್ಣಗಿನ ನಕ್ಷತ್ರಗಳಲ್ಲಿ ಆ ರೇಖೆಯ ನಡುವೆ ಸಣ್ಣದೊಂದು ಹೊಳಪು ಇರುತ್ತದೆ. ಆ ಹೊಳಪು ಎಷ್ಟು ಅಗಲವೋ ನಕ್ಷತ್ರದ ನಿಜವಾದ ಪ್ರಕಾಶ ಅಷ್ಟು ಹೆಚ್ಚು. ನಿಜವಾದ ಪ್ರಕಾಶ ಗೊತ್ತಾದರೆ ದೂರವನ್ನೂ ಲೆಕ್ಕ ಹಾಕಬಹುದು. ಇದನ್ನು ಇಂದಿಗೂ ಪಠ್ಯಪುಸ್ತಕಗಳು ವಿಲ್ಸನ್-ಬಪ್ಪು ಪರಿಣಾಮ ಎಂದೇ ಕರೆಯುತ್ತವೆ.

ಅಮೆರಿಕದಲ್ಲೇ ನೆಲೆಸುವ ಅವಕಾಶವಿದ್ದ ಕಾಲದಲ್ಲಿ ಅವರು ತಾಯ್ನಾಡಿಗೆ ಮರಳಿದರು. ಇಲ್ಲಿ ದೊಡ್ಡ ದೂರದರ್ಶಕಗಳಿರಲಿಲ್ಲ. ಉತ್ತರ ಪ್ರದೇಶ ಸರ್ಕಾರದ ವೀಕ್ಷಣಾಲಯದ ಹೊಣೆ ಹೊತ್ತು ಅದನ್ನು ನೈನಿತಾಲದಲ್ಲಿ ನೆಲೆಗೊಳಿಸಿದರು. ಬಳಿಕ 1960ರಲ್ಲಿ ಕೊಡೈಕೆನಾಲಿಗೆ ನಿರ್ದೇಶಕರಾಗಿ ಬಂದರು. ಆಗ ನಮ್ಮ ತೇನಿ, ದಿಂಡಿಗಲ್ ಎರಡೂ ಮದುರೆ ಜಿಲ್ಲೆಗೆ ಸೇರಿದ್ದವು.

ಸೂರ್ಯನನ್ನು ಮಾತ್ರ ನೋಡಿದರೆ ಸಾಲದು, ರಾತ್ರಿಯ ಆಕಾಶಕ್ಕೂ ತಕ್ಕ ಜಾಗ ಬೇಕು ಎಂದು ಅವರು ಹುಡುಕಾಟ ನಡೆಸಿ ಜವ್ವಾದು ಬೆಟ್ಟದ ಕಾವಲೂರನ್ನು ಆರಿಸಿದರು. ದಕ್ಷಿಣದ ಆಕಾಶ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿ 1968ರಲ್ಲಿ ಕೆಲಸ ಶುರುವಾದದ್ದು ತಮ್ಮವರೇ ತಯಾರಿಸಿದ 38 ಸೆಂಟಿಮೀಟರಿನ ದೂರದರ್ಶಕದಿಂದ. ದೊಡ್ಡದು ಬರುವವರೆಗೆ ಕಾಯುತ್ತ ಕೂರಲಿಲ್ಲ. 1 ಮೀಟರಿನ ದೂರದರ್ಶಕ ಬಂದದ್ದು 1972ರಲ್ಲಿ. ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ಸುತ್ತ ವಾಯುಮಂಡಲದ ಸುಳಿವು ಹುಡುಕಿದ ಕೆಲಸದಲ್ಲಿ, 1977ರಲ್ಲಿ ಯುರೇನಸ್ಸಿನ ಉಂಗುರಗಳು ಪತ್ತೆಯಾದ ರಾತ್ರಿಯ ವೀಕ್ಷಣೆಯಲ್ಲಿ ಕಾವಲೂರಿನವರಿಗೂ ಪಾಲು ಸಿಕ್ಕಿತು.

ಕನ್ನಡ ನಾಡಿಗೂ ಅವರಿಗೂ ನಂಟು ಬೆಳೆದದ್ದು ಇಲ್ಲಿಂದಲೇ. ಕೊಡೈಕೆನಾಲ್ ವೀಕ್ಷಣಾಲಯ 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಮುಂದೆ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಉತ್ತರ ಕರ್ನಾಟಕದ ಮೇಲೆ ಹಾದುಹೋದಾಗ ಸಂಸ್ಥೆಯವರು ರಾಯಚೂರು ಕಡೆಯ ಜವಳಗೇರಾದಲ್ಲಿ ಬಿಡಾರ ಹೂಡಿದ್ದರು.

ಅವರ ದೊಡ್ಡ ಆಸೆ 2.34 ಮೀಟರಿನ ದೂರದರ್ಶಕ. ಅದು ಇಲ್ಲೇ ರೂಪುಗೊಂಡು, ಇಲ್ಲಿಯವರ ಕೈಯಲ್ಲೇ ಆಗಬೇಕೆಂಬುದು ಅವರ ಹಠವಾಗಿತ್ತು. ಕನ್ನಡಿಯನ್ನು ಉಜ್ಜಿ ಹದಗೊಳಿಸುವ ಕೆಲಸವೂ ಬೆಂಗಳೂರಿನಲ್ಲಿ ಸಂಸ್ಥೆಯ ಕಾರ್ಯಾಗಾರದಲ್ಲೇ ನಡೆಯಿತು. ಅದು ಮುಗಿಯುವುದನ್ನು ನೋಡುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. ಜಗತ್ತಿನ ಖಗೋಳ ವಿಜ್ಞಾನಿಗಳ ಒಕ್ಕೂಟಕ್ಕೆ 1979ರಲ್ಲಿ ಅಧ್ಯಕ್ಷರಾಗಿ, 1981ರಲ್ಲಿ ಪದ್ಮಭೂಷಣ ಪಡೆದ ಅವರು 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. 55 ವರ್ಷ ವಯಸ್ಸು. 1986ರ ಜನವರಿಯಲ್ಲಿ ಉದ್ಘಾಟನೆಯಾದ ಆ ದೂರದರ್ಶಕಕ್ಕೂ ಕಾವಲೂರು ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಟ್ಟಿದ್ದಾರೆ.

ಎಲ್ಲರೂ ವಿಜ್ಞಾನಿಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಗುರಿ ಸಿಕ್ಕ ಮೇಲೆ ಕೆಲಸ ಶುರು ಮಾಡೋಣ ಎಂದು ಬಪ್ಪು ಕೂರಲಿಲ್ಲ. ಕೈಗೆ ಸಿಕ್ಕ ಕೆಲಸವನ್ನು ಪ್ರತಿರಾತ್ರಿ ನಿಷ್ಠೆಯಿಂದ ಮಾಡಿದರು, ಗುರಿ ಅದರೊಳಗಿಂದಲೇ ಮೂಡಿತು. ಬಿ.ಕಾಂ. ಓದುವವರಿಗೂ ಪಾಲಿಟೆಕ್ನಿಕ್ ಓದುವವರಿಗೂ ಈ ಮಾತು ಸಲ್ಲುತ್ತದೆ. ಕಂಬಂ ಕಣಿವೆಯ ತೋಟಗಳ ಕಡೆ ರಾತ್ರಿ ಇನ್ನೂ ಕತ್ತಲಾಗುತ್ತದೆ. ಒಂದು ನೋಟ್‌ಬುಕ್ ಹಿಡಿದು ಹೊರಗೆ ಬಂದು ಒಂದು ತಿಂಗಳು ಆಕಾಶ ನೋಡಿ ಬರೆದರೆ, ನೋಡುವ, ಅಳೆಯುವ, ಬರೆದಿಡುವ ಅಭ್ಯಾಸ ಯಾವ ಓದಿಗೂ ಒದಗುತ್ತದೆ.

ಸಂಘದ ವತಿಯಿಂದ ಕಾಲೇಜು ವಿದ್ಯಾರ್ಥಿಗಳನ್ನು ಕೊಡೈಕೆನಾಲ್ ವೀಕ್ಷಣಾಲಯಕ್ಕೆ ಕರೆದೊಯ್ಯುವ ಆಲೋಚನೆ ಇದೆ. ಅನುಮತಿ ದೊರೆತ ಮೇಲೆ ದಿನಾಂಕವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಆಸಕ್ತರು ಈಗಲೇ ತಮ್ಮ ಊರಿನ ಪ್ರತಿನಿಧಿಗಳಲ್ಲಿ ಹೆಸರು ಕೊಡಬಹುದು. ಕನ್ನಡ ಮಾತಾಡಲು ಬಂದರೂ ಓದಲು ಬಾರದ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ಹಿರಿಯರು ಈ ಬರಹವನ್ನು ಓದಿ ಹೇಳಬೇಕೆಂದು ಕೋರುತ್ತೇವೆ.

ಕಾರ್ಯದರ್ಶಿ