ಡಾ. ವಿಕ್ರಮ ಸಾರಾಭಾಯಿ

ಮಕ್ಕಳೇ, ನೀವು ರಾತ್ರಿ ರೇಡಿಯೋ ಕೇಳಿದ್ದೀರಾ? ದೂರದ ಕೇಂದ್ರದ ಹಾಡು ಚೆನ್ನಾಗಿ ಕೇಳಿಸುತ್ತಿರುತ್ತದೆ. ಒಮ್ಮೆಲೇ ದನಿ ಏರಿಳಿದು ಮಾಯವಾಗುತ್ತದೆ. ಇದಕ್ಕೆ ಒಂದು ಕಾರಣ ನಮ್ಮ ತಲೆಯ ಮೇಲೆ, ಬಹು ಎತ್ತರದಲ್ಲಿದೆ. ಆ ಎತ್ತರವನ್ನು ಅರಿಯಲು ನಮ್ಮ ದೇಶದಲ್ಲಿ ರಾಕೆಟ್ ಕೇಂದ್ರ ಕಟ್ಟಿಸಿದವರು ಡಾ. ವಿಕ್ರಮ ಸಾರಾಭಾಯಿ.

ವಿಕ್ರಮರು 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ, ತಾಯಿ ಸರಳಾದೇವಿ. ಅವರ ಮನೆತನಕ್ಕೆ ಬಟ್ಟೆ ಗಿರಣಿಗಳಿದ್ದವು. ಆದರೆ ವಿಕ್ರಮರ ಮನಸ್ಸು ವಿಜ್ಞಾನದತ್ತ ಒಲಿಯಿತು. ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವದೇಶಕ್ಕೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು.

ಬಹು ಎತ್ತರದಲ್ಲಿ ಸೂರ್ಯನ ಕಿರಣಗಳು ಗಾಳಿಯ ಕಣಗಳನ್ನು ಒಡೆದು ವಿದ್ಯುತ್ ಕಣಗಳನ್ನಾಗಿ ಮಾಡುತ್ತವೆ. ಈ ಪದರವೇ ಅಯಾನು ಮಂಡಲ. ರೇಡಿಯೋ ತರಂಗಗಳು ಇದಕ್ಕೆ ತಾಗಿ ಮರಳುವುದರಿಂದ ದೂರದ ಊರುಗಳನ್ನು ಮುಟ್ಟುತ್ತವೆ. ಆದರೆ ಸೂರ್ಯ ಮುಳುಗಿದ ಮೇಲೆ ಈ ಪದರದಲ್ಲಿ ಏರುಪೇರು ಉಂಟಾಗುತ್ತದೆ. ಭೂಮಿಯು ಒಂದು ದೊಡ್ಡ ಅಯಸ್ಕಾಂತದಂತೆ ಇದೆಯಲ್ಲವೇ? ಅದರ ನಡುವೆ ಹಾಯುವ ಕಾಂತೀಯ ಸಮಭಾಜಕ ರೇಖೆಯ ಬಳಿ ಈ ಏರುಪೇರು ಹೆಚ್ಚು. ಆ ರೇಖೆ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ.

ಆದ್ದರಿಂದ ಸಾರಾಭಾಯಿ ಅವರು ಕೇರಳದ ತುಂಬಾ ಎಂಬ ಊರನ್ನು ಆರಿಸಿದರು. ಅದು ಬಡ ಮೀನುಗಾರರ ಊರು. ಅಲ್ಲಿ ಅವರ ಮನೆಗಳಿದ್ದವು, ಅವರು ಪ್ರಾರ್ಥಿಸುವ ಚರ್ಚ್ ಇತ್ತು. ಸಾರಾಭಾಯಿ ಅವರು ಬಿಷಪ್ಪರ ಬಳಿಗೆ ಹೋಗಿ ಕೇಳಿಕೊಂಡರು. ಹುಟ್ಟಿದ ಮನೆಯನ್ನು ಬಿಡುವುದು ಸುಲಭವೇ? ಆದರೂ ಜನರು ಒಪ್ಪಿ ಬೇರೆಡೆಗೆ ಹೋದರು. ಚರ್ಚಿನ ಕಟ್ಟಡವೇ ವಿಜ್ಞಾನಿಗಳ ಕಚೇರಿಯಾಯಿತು. ರಾಕೆಟ್ಟಿನ ಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದರು.

1963ರ ನವೆಂಬರ್ 21ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಹಾರಿತು. ಅದು ಮೇಲೆ ಸೋಡಿಯಂ ಆವಿಯನ್ನು ಬಿಟ್ಟಿತು. ಮುಳುಗಿದ ಸೂರ್ಯನ ಬೆಳಕು ತಾಗಿ ಆ ಆವಿ ಕಿತ್ತಳೆ ಬಣ್ಣದಿಂದ ಹೊಳೆಯಿತು. ಅದು ಸರಿಯುವ ರೀತಿಯಿಂದ ಅಷ್ಟು ಎತ್ತರದ ಗಾಳಿಯ ಚಲನೆ ತಿಳಿಯಿತು.

1969ರಲ್ಲಿ ಇಸ್ರೋ ಸ್ಥಾಪನೆಯಾಯಿತು. 1971ರ ಡಿಸೆಂಬರ್ 30ರಂದು, ತುಂಬಾಕ್ಕೆ ಸಮೀಪದ ಕೋವಳಂನಲ್ಲಿ, ಸಾರಾಭಾಯಿ ತೀರಿಕೊಂಡರು. ಆಗ ಅವರಿಗೆ ಕೇವಲ 52 ವರ್ಷ. ಅವರು ಆರಂಭಿಸಿದ ಕೆಲಸ ಮಾತ್ರ ನಿಲ್ಲಲಿಲ್ಲ. ಸಂಜೆಯ ಏರುಪೇರಿನ ಗುಟ್ಟನ್ನು ಮುಂದೆ ವಿಜ್ಞಾನಿಗಳು ಬಿಡಿಸಿದರು. ಗಾಣದ ಮನೆಯ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಗುಳ್ಳೆಗಳು ಮೇಲೇಳುವುದನ್ನು ನೀವು ನೋಡಿರಬಹುದು. ಹಾಗೆಯೇ ಕತ್ತಲಾದಾಗ ಅಯಾನು ಮಂಡಲದ ಕೆಳಭಾಗದಿಂದ ವಿದ್ಯುತ್ ಕಣಗಳು ವಿರಳವಾಗಿರುವ ದೊಡ್ಡ ಗುಳ್ಳೆಗಳು ಮೇಲೇಳುತ್ತವೆ. ಅವು ಉತ್ತರಕ್ಕೂ ದಕ್ಷಿಣಕ್ಕೂ ಹಬ್ಬಿ, ದತ್ತವಾಡದಂತಹ ನಮ್ಮ ಊರುಗಳ ಆಕಾಶದವರೆಗೂ ಬರುತ್ತವೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಆವರಣದಿಂದ ವಿಜ್ಞಾನಿಗಳು ವಿಶೇಷ ಕ್ಯಾಮೆರಾಗಳಿಂದ ಅವುಗಳ ಚಿತ್ರ ತೆಗೆದಿದ್ದಾರೆ. ಉಪಗ್ರಹಗಳು ಕಳಿಸುವ ಸಂಕೇತಗಳಿಗೂ ಈ ಗುಳ್ಳೆಗಳಿಂದ ಅಡಚಣೆಯಾಗುತ್ತದೆ. ಅದಕ್ಕಾಗಿಯೇ ಇವುಗಳ ಅಭ್ಯಾಸ ಇಂದಿಗೂ ಬೇಕು.

2023ರಲ್ಲಿ ಚಂದ್ರನ ಮೇಲೆ ಇಳಿದ ನಮ್ಮ ನೌಕೆಗೆ ವಿಕ್ರಮ ಎಂದೇ ಹೆಸರು. ಆ ಹೆಸರು ಕೇಳಿದಾಗ ಸಾರಾಭಾಯಿ ಅವರನ್ನು ನೆನೆಯಿರಿ. ತಮ್ಮ ಮನೆಗಳನ್ನು ಬಿಟ್ಟುಕೊಟ್ಟ ತುಂಬಾದ ಮೀನುಗಾರರನ್ನೂ ಮರೆಯಬೇಡಿರಿ.

ಅಭ್ಯಾಸ
1. ಸಾರಾಭಾಯಿ ಅವರು ತುಂಬಾ ಊರನ್ನೇ ಏಕೆ ಆರಿಸಿದರು?
2. ತುಂಬಾದ ಜನರು ಏನನ್ನು ಬಿಟ್ಟುಕೊಟ್ಟರು?
3. ಸೂರ್ಯ ಮುಳುಗಿದ ಮೇಲೆ ಅಯಾನು ಮಂಡಲದಲ್ಲಿ ಏನಾಗುತ್ತದೆ?